ಒಂದು ಹಲಗೆ ಬಿಟ್ಟುಕೊಡಿ

ಸಿದ್ದಾಪುರ ಮತ್ತು ಸುತ್ತಲಿನ ಹಳ್ಳಿ, ಕ್ಯಾಂಪುಗಳ ತಂದೆ-ತಾಯಂದಿರಿಗೆ, ಅಜ್ಜ-ಅಜ್ಜಿಯರಿಗೆ,



ನಿಮ್ಮಲ್ಲಿ ಬಹಳ ಮಂದಿ ನನ್ನನ್ನು ಬಲ್ಲಿರಿ. ಮೂವತ್ತೆರಡು ವರ್ಷ ಅಕ್ಕಿ ಗಿರಣಿಯಲ್ಲಿ ಗುಮಾಸ್ತನಾಗಿ ಚೀಲ ಎಣಿಸಿದವನು ನಾನು. ನಿಮ್ಮ ನೆಲ್ಲು ಕಾಟಾಕ್ಕೆ ಬಂದಾಗ ತೇವ ಹೆಚ್ಚಿದೆಯೆಂದು ಕಡಿತ ಬರೆದು ನಿಮ್ಮಿಂದ ಬೈಸಿಕೊಂಡವನೂ ನಾನೇ. ಈಗ ನಿವೃತ್ತ. "ಮುದುಕ ಪಡಸಾಲ್ಯಾಗ ಆಟದ ರೈಲು ಬಿಟಗೊಂಡು ಕುಂತಾನ" ಎಂದು ಹೋಟೆಲಿನಲ್ಲಿ ಆಡುವ ಮಾತೂ ಕಿವಿಗೆ ಬಿದ್ದಿದೆ. ಮಾತು ಖರೆ. ಆ ರೈಲಿನ ವಿಷಯವಾಗಿಯೇ ಈ ಪತ್ರ.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ನಿಮ್ಮ ಮನೆಯ ಮಗು ರೈಲು ಬೇಕೆಂದು ಹಟ ಹಿಡಿದರೆ ಪೇಟೆಗೆ ಓಡಬೇಡಿ. ಆರು ಫೂಟು ಉದ್ದ, ಒಂದು ಫೂಟು ಅಗಲದ ಒಂದು ಹಲಗೆ ಕೊಡಿ. ಅದನ್ನು ಇಡಲು ಒಂದು ಗೋಡೆಯ ಬದಿ ಕೊಡಿ. ಒಂದು ವರ್ಷದ ಸಮಯ ಕೊಡಿ. ಅಷ್ಟರ ಮೇಲೆ ನಿಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳಿ. ನನ್ನ ಮಟ್ಟಿಗೆ ಈ ಕಡೆಯದೇ ಎಲ್ಲಕ್ಕಿಂತ ಕಷ್ಟವಾಗಿತ್ತು.

ನಮ್ಮ ಕಾಲದಲ್ಲಿ ಈ ಊರಿನ ಮಕ್ಕಳಿಗೆ ರೈಲೆಂದರೆ ಹೊಸಪೇಟೆ. ಎಡದಂಡೆ ಕಾಲುವೆ ನಮ್ಮ ಹೊಲಕ್ಕೆ ನೀರು ತಂದಿತು, ನೀರಿನ ಹಿಂದೆ ಆಂಧ್ರದಿಂದ ಕ್ಯಾಂಪಿನ ಜನ ಬಂದರು, ಗಿರಣಿ ಬಂದವು, ಲಾರಿ ಬಂದವು. ರೈಲು ಮಾತ್ರ ಬರಲಿಲ್ಲ. ನಾನು ಮೊದಲು ನೋಡಿದ್ದು ಹೊಸಪೇಟೆಯ ಮೀಟರ್ ಗೇಜ್ ಬಂಡಿಯನ್ನು. ಗುಂತಕಲ್ಲು-ಹುಬ್ಬಳ್ಳಿ ದಾರಿ ಬ್ರಾಡ್ ಗೇಜ್ ಆದದ್ದು ತೊಂಬತ್ತರ ದಶಕದಲ್ಲಿ. ಮುನಿರಾಬಾದಿನಿಂದ ಮೆಹಬೂಬ್‌ನಗರಕ್ಕೆ ಹೊಸ ಮಾರ್ಗ ಮಂಜೂರಾಯಿತು ಎಂಬ ಸುದ್ದಿ 1997-98ರ ಹೊತ್ತಿನದು. ಸುದ್ದಿ ಓದಿದಾಗ ನನ್ನ ಮಗ ಸಣ್ಣವ. ಗಿಣಿಗೇರಿಯಿಂದ ಕವಲೊಡೆದ ಹಳಿ ಚಿಕ್ಕಬೆಣಕಲ್ ದಾಟಿ ಗಂಗಾವತಿಗೆ ರೈಲು ತಂದದ್ದು 2019ರಲ್ಲಿ. ಆಮೇಲೆ ನಮ್ಮೂರ ಬದಿಯಿಂದ ಹಾದು ಕಾರಟಗಿ ಸೇರಿತು, 2024ರಲ್ಲಿ ಸಿಂಧನೂರು ಮುಟ್ಟಿತು. ಅಷ್ಟರಲ್ಲಿ ಮಗನಿಗೆ ಇಬ್ಬರು ಮಕ್ಕಳಾಗಿದ್ದರು. ಹಾರ್ನ್ ಕೇಳಿದರೆ ಊಟದ ತಾಟು ಬಿಟ್ಟು ಮಾಳಿಗೆ ಹತ್ತುವ ಪೀಳಿಗೆ ಅದು. ನಿಮ್ಮ ಮನೆಯಲ್ಲೂ ಹೀಗೆಯೇ ಇರಬೇಕು.

ಮೊಮ್ಮಕ್ಕಳ ಹುಚ್ಚು ನೋಡಿ ಬೆಂಗಳೂರಿನಲ್ಲಿರುವ ನನ್ನ ಅಳಿಯ ಒಂದು ರೈಲು ಸೆಟ್ಟು ಕಳಿಸಿದ. ಪೆಟ್ಟಿಗೆಯೊಳಗೆ ಒಂದು ಎಂಜಿನ್ನು, ಮೂರು ಬೋಗಿ, ಮೊಟ್ಟೆಯಾಕಾರಕ್ಕೆ ಕೂಡಿಕೊಳ್ಳುವ ಹಳಿ. ಜರ್ಮನಿಯ ಮಾರ್ಕ್ಲಿನ್ ಕಂಪನಿ 1891ರಲ್ಲಿ ಲೈಪ್‌ಝಿಗ್ ಮೇಳದಲ್ಲಿ ತುಂಡು ತುಂಡಾಗಿ ಜೋಡಿಸುವ ಹಳಿಯನ್ನು ತೋರಿಸಿತಂತೆ. ಅಂದಿನಿಂದ ಇಂದಿನವರೆಗೆ ಪೆಟ್ಟಿಗೆಯ ರೈಲು ಸುತ್ತುತ್ತಲೇ ಇದೆ.

ನಾನು ಮಾಡಿದ ತಪ್ಪುಗಳನ್ನು ಒಂದೊಂದಾಗಿ ಹೇಳುತ್ತೇನೆ, ನಿಮ್ಮ ದುಡ್ಡು ಉಳಿಯಲಿ.

ಎಂಟು ಫೂಟು ಉದ್ದ, ನಾಲ್ಕು ಫೂಟು ಅಗಲದ ಇಡೀ ಪ್ಲೈವುಡ್ ಹಾಳೆ ತರಿಸಿದೆ. ದೊಡ್ಡದಾದಷ್ಟೂ ಚೆಂದ ಎಂಬ ಭ್ರಮೆ. ಅದು ಬಾಗಿಲೊಳಗೆ ಹಿಡಿಸಲಿಲ್ಲ. ಓರೆ ಮಾಡಿ, ಕಿಟಕಿಯ ಸರಳಿಗೆ ತಾಗಿಸಿ, ಹೊಸ ಸುಣ್ಣದ ಮೇಲೆ ಒಂದು ಗೀರು ಎಳೆದು ಒಳಗೆ ತಂದೆವು. ಮನೆಯಾಕಿ ಆ ಗೀರನ್ನು ಇವತ್ತಿಗೂ ಬಂದವರಿಗೆಲ್ಲ ತೋರಿಸುತ್ತಾಳೆ. ಮೂಲೆಯಲ್ಲಿ ಮಂಚದ ಮೇಲೆ ಹಾಸಿ ಹಳಿ ಜೋಡಿಸಿದೆ. ಹಿಂದಿನ ಮೂಲೆಯಲ್ಲಿ ಆನೆಗೊಂದಿಯ ಗುಡ್ಡದಂಥ ಒಂದು ಗುಡ್ಡ ಮಾಡಿದೆ. ರೈಲು ಸರಿಯಾಗಿ ಆ ಗುಡ್ಡದ ಹಿಂದೆಯೇ ಹಳಿ ತಪ್ಪುತ್ತಿತ್ತು. ಮನುಷ್ಯನ ಕೈ ಎರಡೂವರೆ ಫೂಟಿಗಿಂತ ಆಚೆ ಹೋಗಿ ಸೂಕ್ಷ್ಮದ ಕೆಲಸ ಮಾಡಲಾರದು ಎಂಬುದು ಆಗ ಗೊತ್ತಾಯಿತು. ಒಂದು ದಿನ ಮೊಣಕಾಲೂರಿ ಹತ್ತಿದೆ. ಪ್ಲೈವುಡ್ ಲಟಕ್ಕೆಂದಿತು.

ಗುಡ್ಡದ್ದು ಇನ್ನೊಂದು ಕಥೆ. ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಚಿತ್ರಗಾರರು ಹಗುರ ಮರದ ಗೊಂಬೆ ಮಾಡುವುದು ನಿಮಗೆ ಗೊತ್ತಿರುವ ವಿಷಯ. ಗೊಂಬೆಯ ಭಾಗಗಳನ್ನು ಕೂಡಿಸಲು, ಉಬ್ಬು ತರಲು ಅವರು ಬಳಸುವ ಮೆತ್ತಿಗೆಗೆ ಕಿಟ್ಟ ಎನ್ನುತ್ತಾರೆ. ಸೆಣಬಿನ ಹರಕು ಗೋಣಿಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಸೇರಿಸಿ, ಹುಣಸೆ ಬೀಜದ ಅಂಟಿನಲ್ಲಿ ಕಲಸುವುದು. ಗಿರಣಿಯವನಿಗೆ ಹರಕು ಗೋಣಿಗೇನು ಬರ? ನಾನೂ ಕಲಸಿದೆ. ತಂತಿ ಜಾಳಿಗೆಯ ಮೇಲೆ ಬಳಿದರೆ ಬಂಡೆಗಲ್ಲಿನ ಗುಡ್ಡ ತದ್ರೂಪ ಬಂತು. ಆದರೆ ಚಿತ್ರಗಾರರು ಗೊಂಬೆಯ ಮೇಲೆ ಬಿಳಿ ಲೇಪ, ಬಣ್ಣ, ಮೆರುಗು ಎಲ್ಲ ಕೊಟ್ಟು ಮುಗಿಸುತ್ತಾರೆ. ನಾನು ಹಸಿ ಕಿಟ್ಟವನ್ನೇ ಬಿಟ್ಟಿದ್ದೆ. ಹುಣಸೆ ಬೀಜದ ಹಿಟ್ಟು ಇಲಿಗೆ ಹಬ್ಬ. ನಾಲ್ಕೇ ರಾತ್ರಿಯಲ್ಲಿ ಆನೆಗೊಂದಿ ಬಯಲಾಯಿತು.

ಇಷ್ಟೆಲ್ಲ ಆದರೂ ಮಕ್ಕಳು ಖುಷಿಯಾಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಹತ್ತನೇ ದಿನ ರೈಲು ತನ್ನಷ್ಟಕ್ಕೆ ಸುತ್ತುತ್ತಿತ್ತು, ಮೊಮ್ಮಗ ಮೊಬೈಲ್ ನೋಡುತ್ತಿದ್ದ. ಆರನೇ ತರಗತಿಯ ಮೊಮ್ಮಗಳು ಗಲ್ಲಕ್ಕೆ ಕೈಯೂರಿ ನೋಡುತ್ತಿದ್ದವಳು ಕೇಳಿದಳು:

"ಅಜ್ಜಾ, ಇದು ಎಲ್ಲಿಗಿ ಹೊಂಟೈತಿ?"

"ಎಲ್ಲಿಗಿ ಅಂದ್ರ? ಸುತ್ತು ಹೊಡಿತೈತಿ."

"ಹಂಗಲ್ಲ. ಯಾಕ ಹೊಂಟೈತಿ? ಒಳಗ ಏನೈತಿ?"

ಮೂವತ್ತೆರಡು ವರ್ಷ ಒಂದು ಲಾರಿಯನ್ನೂ ಚೀಟಿಯಿಲ್ಲದೆ ಗೇಟು ದಾಟಿಸದವನು ನಾನು. ಯಾವ ಲಾರಿ, ಎಷ್ಟು ಚೀಲ, ಯಾವ ಊರು, ಯಾರ ಹೆಸರಿಗೆ ಎಂದು ಬರೆಯದೆ ಗೇಟ್‌ಪಾಸ್ ಹರಿದವನಲ್ಲ. ನನ್ನದೇ ಪಡಸಾಲೆಯಲ್ಲಿ ಚೀಟಿಯಿಲ್ಲದ ರೈಲೊಂದು ಹತ್ತು ದಿನದಿಂದ ಸುತ್ತುತ್ತಿತ್ತು. ಅವತ್ತೇ ಎಲ್ಲವನ್ನೂ ಬಿಚ್ಚಿ ಪೆಟ್ಟಿಗೆಗೆ ತುಂಬಿದೆವು. ಒಡೆದ ಪ್ಲೈವುಡ್ಡಿನಲ್ಲಿ ಚೆನ್ನಾಗಿದ್ದ ಭಾಗವನ್ನು ಬಡಿಗೇರರ ಅಂಗಡಿಗೆ ಒಯ್ದು, ಆರು ಫೂಟಿನ ಒಂದು ಪಟ್ಟಿ ಕೊಯ್ಸಿ ತಂದೆವು.

ಆಮೇಲೆ ಮೂರು ತಿಂಗಳು ಒಂದು ಹಳಿಯನ್ನೂ ಮುಟ್ಟಲಿಲ್ಲ. ನಿಮಗೆ ಕಿವಿಮಾತು ಹೇಳುವ ಹಕ್ಕು ನನಗೆ ಬಂದಿದ್ದರೆ ಅದು ಈ ಮೂರು ತಿಂಗಳಿನಿಂದ.

ಮೊದಲು ಅಳತೆ. ಮಾರುಕಟ್ಟೆಯಲ್ಲಿ ಹೆಚ್ಚಾಗಿ ಸಿಗುವುದು ಎರಡು: 1:87ರ ಎಚ್‌ಓ, 1:160ರ ಎನ್. ಎಚ್‌ಓದಲ್ಲಿ ಹಳಿಯ ಅಗಲ 16.5 ಮಿ.ಮೀ., ಎನ್‌ನಲ್ಲಿ 9 ಮಿ.ಮೀ. ಇದನ್ನು ನೀವು ಮಗುವಿಗೆ ಹೇಳಿಕೊಡಬೇಡಿ. ಸ್ಕೇಲು ಕೈಗೆ ಕೊಟ್ಟು ಭಾಗಾಕಾರ ಮಾಡಲು ಬಿಡಿ. ನಮ್ಮ ಹುಡುಗಿ ಮಾಡಿದಳು. ನಮ್ಮ ಬ್ರಾಡ್ ಗೇಜ್ 1676 ಮಿ.ಮೀ.; 87ರಿಂದ ಭಾಗಿಸಿದರೆ 19.3 ಬರುತ್ತದೆ. "ಅಜ್ಜಾ, ಪೆಟಿಗ್ಯಾಗಿನ ಹಳಿ ಸಣ್ಣದೈತಿ, ಮೋಸ ಮಾಡ್ಯಾರ" ಎಂದು ಜಗಳಕ್ಕೇ ನಿಂತಳು. ಮೋಸವಲ್ಲ, ಅದು ಯುರೋಪಿನ 1435 ಮಿ.ಮೀ. ಹಳಿಯ ಪಡಿಯಚ್ಚು. ನನ್ನ ಬಾಲ್ಯದ ಹೊಸಪೇಟೆಯ ಮೀಟರ್ ಗೇಜ್ ಆದರೆ 11.5 ಮಿ.ಮೀ. ಆಗುತ್ತಿತ್ತು. ಅವಳು ಮೂರು ಜೊತೆ ಗೆರೆಯನ್ನು ಒಂದರ ಪಕ್ಕ ಒಂದು ಎಳೆದು ಗೋಡೆಗೆ ಅಂಟಿಸಿದ್ದಾಳೆ: ಅಜ್ಜನದು, ಯುರೋಪಿನದು, ನಮ್ಮದು. ಮೂರು ಮಿ.ಮೀ. ಕೊರತೆಯನ್ನು ನುಂಗಿಕೊಳ್ಳುವುದೆಂದು ಇಬ್ಬರೂ ಕೂತು ತೀರ್ಮಾನಿಸಿದೆವು. ಸ್ವಂತ ಹಳಿ ಬಡಿಯುವ ಹವ್ಯಾಸಿಗಳೂ ಇದ್ದಾರೆ, ನಮಗೆ ಅಷ್ಟು ಕೈ ಕುದುರಿಲ್ಲ.

ಈ ಅಳತೆಯ ವಿಷಯದಲ್ಲಿ ನಾನೊಮ್ಮೆ ಮೂಗು ತೂರಿಸಿ ಕೆಟ್ಟೆ. ಅವಳನ್ನು ಕೇಳದೆ ಫೋನಿನಲ್ಲೇ ಎರಡು ಪಾಯಿಂಟು, ಅಂದರೆ ಹಳಿ ಕವಲೊಡೆಯುವ ತುಂಡು, ತರಿಸಿದೆ. ಬಂದವು 9 ಮಿ.ಮೀ.ದವು. ಅಂಗಡಿಯವರು ವಾಪಸು ತೆಗೆದುಕೊಳ್ಳಲಿಲ್ಲ. ಚಿತ್ರದ ಕೆಳಗಿನ ಸಣ್ಣ ಅಕ್ಷರ ಓದದ್ದು ನನ್ನದೇ ತಪ್ಪು. ಆ ಪಾಯಿಂಟುಗಳು ಈಗ ದೇವರ ಜಗುಲಿಯ ಪಕ್ಕದ ಗೂಡಿನಲ್ಲಿ ನನಗೆ ಬುದ್ಧಿ ಹೇಳುತ್ತ ಕೂತಿವೆ.

ಅಳತೆಯಾದ ಮೇಲೆ ಆಸೆಯ ಲೆಕ್ಕ. ಹುಡುಗನಿಗೆ ಪೂರ್ತಿ ಗೂಡ್ಸ್ ಬಂಡಿ ಬೇಕಿತ್ತು. ಅಕ್ಕಿ, ಸಿಮೆಂಟು ಸಾಗಿಸುವ ಈಗಿನ ಮುಚ್ಚಿದ ವ್ಯಾಗನ್ನು ಸುಮಾರು 11 ಮೀಟರ್ ಉದ್ದ. ಎಚ್‌ಓದಲ್ಲಿ ಅದು 12.6 ಸೆಂ.ಮೀ. ಒಂದು ರೇಕಿಗೆ 58 ವ್ಯಾಗನ್ ಹಿಡಿದರೆ ಏಳು ಮೀಟರ್ ಮೂವತ್ತು ಸೆಂಟಿಮೀಟರ್, ಇಪ್ಪತ್ತನಾಲ್ಕು ಫೂಟು. ಹುಡುಗ ದಾರ ಹಿಡಿದು ಅಳೆದ. ಪಡಸಾಲೆ ಮುಗಿಯಿತು, ಅಡುಗೆಮನೆ ದಾಟಿತು, ಗಾರ್ಡಿನ ಡಬ್ಬಿ ಬಚ್ಚಲ ಬಾಗಿಲಲ್ಲಿ ನಿಂತಿತು. ಅವನಿಗೆ ಬೇಜಾರಾಗಲಿಲ್ಲ, ಬೆರಗಾಯಿತು. ನಿಜವಾದ ರೈಲು ಎಷ್ಟು ದೊಡ್ಡದು ಎಂದು ಅವನಿಗೆ ಅರ್ಥವಾದದ್ದು ಮಾಳಿಗೆಯ ಮೇಲೆ ನಿಂತಾಗಲ್ಲ, ಆ ದಾರ ಹಿಡಿದು ಬಚ್ಚಲಿಗೆ ಬಂದಾಗ.

ಆಮೇಲೆ ಹುಡುಗಿಯ ಸೇತುವೆ. ಹಳಿಯ ಮೇಲೆ ಹಳಿ ಹಾಯಬೇಕು ಎಂಬ ಆಸೆ. ಕೆಳಗಿನ ರೈಲು ನುಸುಳಲು ಎಂಟು ಸೆಂಟಿಮೀಟರ್ ಎತ್ತರ ಬೇಕು. ಸಕಲೇಶಪುರ-ಸುಬ್ರಹ್ಮಣ್ಯ ಘಾಟಿಯಲ್ಲಿ ಇಳಿಜಾರು ಐವತ್ತಕ್ಕೆ ಒಂದು. ಅಲ್ಲಿ ಗೂಡ್ಸ್ ಬಂಡಿಗೆ ಒಂದು ಎಂಜಿನ್ನು ಸಾಲದೆ ಹೆಚ್ಚಿನವು ಬೇಕಾಗುತ್ತವೆ. ಅದೇ ಏರು ಹಿಡಿದರೂ ಎಂಟು ಸೆಂಟಿಮೀಟರ್ ಹತ್ತಲು ನಾಲ್ಕು ಮೀಟರ್ ಹಳಿ ಬೇಕು, ಇಳಿಯಲು ಮತ್ತೆ ನಾಲ್ಕು. ನಮ್ಮ ಹಲಗೆ ಎರಡು ಮೀಟರೂ ಇಲ್ಲ. ಎರಡು ದಿನ ಮುಖ ಊದಿಸಿಕೊಂಡಿದ್ದಳು. ಮೂರನೇ ದಿನ ಶಾಲೆಯಿಂದ ಬಂದವಳು ಚೀಲ ಇಳಿಸದೆಯೇ ಹೇಳಿದಳು: ಹಳಿ ಏರಿಸೋದು ಬ್ಯಾಡ, ನೆಲ ಇಳಿಸೋಣ. ದಾರಿಯಲ್ಲಿ ಕಾಲುವೆಯ ಸೇತುವೆ ಮೇಲೆ ನಿಂತು ನೋಡಿದ್ದಳಂತೆ. ಹಲಗೆಯ ಮೇಲೆ ಎರಡಿಂಚಿನ ಥರ್ಮಾಕೋಲು ಹಾಸಿ, ಅದನ್ನು ಕೊರೆದು ಕಾಲುವೆ ಮಾಡಿದೆವು. ಹಳಿ ಮಟ್ಟಸವಾಗಿಯೇ ಅದರ ಮೇಲೆ ಹಾಯುತ್ತದೆ. ನನಗೆ ಹೊಳೆಯದ ಉಪಾಯ ಅದು. ಹೊಳೆದಿದ್ದರೆ ನಾನು ಮೊದಲನೇ ದಿನವೇ ಹೇಳಿ ಕೆಡಿಸುತ್ತಿದ್ದೆ.

ನಕ್ಷೆಯನ್ನು ಕಾಗದದಲ್ಲಿ ಬರೆಸುವ ಮೊದಲು ನೆಲದ ಮೇಲೆ, ನಿಜ ಅಳತೆಯಲ್ಲಿ, ಸೀಮೆಸುಣ್ಣದಲ್ಲಿ ಬರೆಸಿ. ಅಂಗಳದಲ್ಲಿ ರಂಗೋಲಿ ಹಾಕುವ ಕೈಗಳಿಗೆ ಇದೇನೂ ದೊಡ್ಡದಲ್ಲ. ಎರಡು ಬಣ್ಣ ಬೇಕು: ಒಂದು ಹಳಿಗೆ ಕೆಂಪು, ಜೋಡಿ ಹಳಿಗೆ ನೀಲಿ. ಕಾರಣ ಹೇಳುತ್ತೇನೆ. ಈ ರೈಲುಗಳು ಹನ್ನೆರಡು ವೋಲ್ಟಿನವು. ಒಂದು ಹಳಿಯಿಂದ ಕರೆಂಟು ಬಂದು ಎಂಜಿನ್ನಿನ ಮೋಟರಿನಲ್ಲಿ ಹಾದು ಇನ್ನೊಂದು ಹಳಿಯಿಂದ ವಾಪಸಾಗುತ್ತದೆ. ಎರಡು ತಂತಿ ಅದಲುಬದಲು ಮಾಡಿದರೆ ರೈಲು ಹಿಂದಕ್ಕೆ ಓಡುತ್ತದೆ. ಈಗ ಮಕ್ಕಳು ಸಹಜವಾಗಿ ಬರೆಯುವ ನಕ್ಷೆ ಹೇಗಿರುತ್ತದೆ? ರೈಲು ಹುಬ್ಬಳ್ಳಿಗೆ ಹೋಗಿ, ಒಂದು ಕುಣಿಕೆ ಸುತ್ತಿ, ಬಂದ ಹಳಿಗೇ ಮುಖ ತಿರುಗಿಸಿ ಮರಳುತ್ತದೆ. ಎರಡು ಬಣ್ಣದಲ್ಲಿ ಎಳೆದು ನೋಡಿ: ಕುಣಿಕೆ ಮುಗಿಯುವ ಕಡೆ ಕೆಂಪು ಹೋಗಿ ನೀಲಿಗೆ ಕೂಡುತ್ತದೆ. ಅದೇ ಶಾರ್ಟ್ ಸರ್ಕ್ಯೂಟ್. ಬೇರೆ ತಂತಿ, ಸ್ವಿಚ್ಚು ಹಾಕಿ ಅದನ್ನು ನಿಭಾಯಿಸಬಹುದು, ಆದರೆ ಕಲಿಯುವವರಿಗೆ ಬೇಡ. ನಮ್ಮ ಹುಡುಗ ಏಳು ವರ್ಷದವನು, ಕೆಂಪು-ನೀಲಿ ಕೂಡಿದ ಜಾಗಕ್ಕೆ ಬೆರಳಿಟ್ಟು "ಇಲ್ಲಿ ಹೊಗಿ ಬರತೈತಿ" ಎಂದ. ಅವನಿಗೆ ಯಾರೂ ವಿದ್ಯುತ್ತಿನ ಪಾಠ ಮಾಡಿರಲಿಲ್ಲ.

ಕಡೆಗೆ ನಮ್ಮ ಹಲಗೆಯ ಮೇಲೆ ಉಳಿದದ್ದು ಇಷ್ಟು: ಒಂದು ನೇರ ಹಳಿ, ಎರಡು ಪಾಯಿಂಟು, ಮೂರು ಕವಲು. ವೃತ್ತವಿಲ್ಲ, ಗುಡ್ಡವಿಲ್ಲ, ಸುರಂಗವಿಲ್ಲ. ಇಂಗ್ಲೆಂಡಿನ ಅಲನ್ ರೈಟ್ ಎಂಬ ಹವ್ಯಾಸಿ ಹೆಸರುವಾಸಿ ಮಾಡಿದ 'ಇಂಗಲ್‌ನೂಕ್' ಎಂಬ ವಿನ್ಯಾಸ ಅದು. ಉದ್ದದ ಕವಲಿನಲ್ಲಿ ಐದು ವ್ಯಾಗನ್ನಿಗೆ ಜಾಗ, ಉಳಿದೆರಡರಲ್ಲಿ ಮೂರು ಮೂರು. ಈಚೆ ತುದಿಯಲ್ಲಿ ಎಂಜಿನ್ನು ಮತ್ತು ಮೂರು ವ್ಯಾಗನ್ ನಿಲ್ಲುವಷ್ಟು ಹಳಿ. ಒಟ್ಟು ಎಂಟು ವ್ಯಾಗನ್. ಅವುಗಳಲ್ಲಿ ಐದನ್ನು ಹೇಳಿದ ಸರದಿಯಲ್ಲೇ ಉದ್ದದ ಕವಲಿನಲ್ಲಿ ನಿಲ್ಲಿಸಬೇಕು. ಅಷ್ಟೇ ಆಟ. ನಮ್ಮ ವ್ಯಾಗನ್ನಿನ ಅಳತೆಗೆ ಐದಕ್ಕೆ 63 ಸೆಂ.ಮೀ., ಎರಡು ಪಾಯಿಂಟಿಗೆ ಸುಮಾರು 40, ಮೂರು ವ್ಯಾಗನ್ನು ಮತ್ತು ಎಂಜಿನ್ನಿಗೆ 58; ಆರು ಫೂಟಿನ ಹಲಗೆಯಲ್ಲಿ ಎರಡು ಕಡೆ ಗೇಣು ಗೇಣು ಇಲ್ಲದಿದ್ದರೂ ನಾಲ್ಕು ನಾಲ್ಕು ಬೆರಳು ಉಳಿಯುತ್ತದೆ.

ಇದಕ್ಕೆ ನಾವು ಸೇರಿಸಿದ್ದು ಗಿರಣಿ. ನಿಜದಲ್ಲಿ ನಮ್ಮ ಗಿರಣಿಯ ಬಾಗಿಲಿಗೆ ಹಳಿ ಬಂದಿಲ್ಲ. ಹಲಗೆಯ ಮೇಲೆ ಬಂದಿದೆ. ಮೊಮ್ಮಗಳು ನನ್ನನ್ನು ಎದುರಿಗೆ ಕೂರಿಸಿಕೊಂಡು ಪೊಲೀಸರ ಹಾಗೆ ವಿಚಾರಿಸಿದಳು. ಗಿರಣಿಯೊಳಗೆ ಏನು ಬರುತ್ತದೆ? ನೆಲ್ಲು, ಖಾಲಿ ಗೋಣಿ. ಏನು ಹೋಗುತ್ತದೆ? ಅಕ್ಕಿ, ನುಚ್ಚು, ಎಣ್ಣೆ ತೆಗೆಯಲು ತೌಡು, ಉರಿಸಲು ಹೊಟ್ಟು. ಯಾವುದು ಯಾವುದರ ಪಕ್ಕ ನಿಲ್ಲಬಾರದು? ಈ ಪ್ರಶ್ನೆಯನ್ನು ನನಗೆ ಮೂವತ್ತೆರಡು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಹೊಟ್ಟಿನ ದೂಳು ಅಕ್ಕಿಯ ಮೇಲೆ ಕೂರಬಾರದು ಎಂದೆ. ಅದು ನಿಯಮವಾಯಿತು. ಎಂಟು ವ್ಯಾಗನ್ನಿಗೆ ಎಂಟು ಹೆಸರು ಬರೆದೆವು. ನನ್ನ ಪೆಟ್ಟಿಗೆಯ ತಳದಲ್ಲಿ ಉಳಿದಿದ್ದ ಹಳೆಯ ಗೇಟ್‌ಪಾಸ್ ಪುಸ್ತಕದಿಂದ ಎಂಟು ಚೀಟಿ ಹರಿದು ಡಬ್ಬಿಗೆ ಹಾಕಿದೆವು. ಐದು ಎತ್ತಬೇಕು, ಎತ್ತಿದ ಸರದಿಯಲ್ಲಿ ಬಂಡಿ ಕಟ್ಟಬೇಕು. ಎಂಟರಲ್ಲಿ ಐದನ್ನು ಸರದಿ ಹಿಡಿದು ಎತ್ತುವ ಬಗೆಗಳು 6720. ಎಂಟು ಗುಣಿಸು ಏಳು ಗುಣಿಸು ಆರು ಗುಣಿಸು ಐದು ಗುಣಿಸು ನಾಲ್ಕು. ದಿನಕ್ಕೊಂದು ಆಡಿದರೆ ಹದಿನೆಂಟು ವರ್ಷ. ಸುತ್ತುವ ರೈಲು ಹತ್ತು ದಿನಕ್ಕೆ ಸಾಕಾಗಿತ್ತು.

ಒಂದು ಸಂಜೆಯ ಮಾತು. ಕರೆಂಟು ಹೋಗಿತ್ತು, ರೈಲು ಬ್ಯಾಟರಿಯ ಮೇಲೆ, ಬೆಳಕು ಟಾರ್ಚಿನದು. ಹುಡುಗನ ಸರದಿ: ತೌಡು, ಖಾಲಿ ಗೋಣಿ, ಅಕ್ಕಿ, ನುಚ್ಚು, ನೆಲ್ಲು. ಮೂರು ಸರಿಯಾಗಿ ಕಟ್ಟಿದ. ನುಚ್ಚಿನ ವ್ಯಾಗನ್ನು ಮೂರನೇ ಕವಲಿನ ಒಳತುದಿಯಲ್ಲಿ, ಹೊಟ್ಟಿನ ಹಿಂದೆ ಸಿಕ್ಕಿಬಿದ್ದಿದೆ. ಹೊಟ್ಟನ್ನು ಹೊರಗೆಳೆದ, ಇಡಲು ಜಾಗವಿಲ್ಲ. ಒಳಗೆ ನೂಕಿದ. ಮತ್ತೆ ಎಳೆದ. ನನಗೆ ದಾರಿ ಕಾಣುತ್ತಿತ್ತು: ಕಟ್ಟಿದ್ದರಲ್ಲಿ ಒಂದನ್ನು ಬಿಚ್ಚಿ ಎರಡನೇ ಕವಲಿಗೆ ದಾಟಿಸಿದರೆ ಆಯಿತು. ಕಟ್ಟಿದ್ದನ್ನು ಬಿಚ್ಚಲು ಅವನಿಗೆ ಮನಸ್ಸಿಲ್ಲ. ಅರ್ಧ ತಾಸಾಯಿತು. ನನ್ನ ಕೈ ತಾನಾಗಿ ಮುಂದೆ ಹೋಯಿತು, ಅಕ್ಕ ಕೈಯ ಮೇಲೆ ಫಟ್ಟನೆ ಹೊಡೆದಳು. "ನಿನ್ನ ಪಾಳಿ ಅಲ್ಲಜ್ಜಾ." ಒಳಗಿನಿಂದ ಮನೆಯಾಕಿ ನಕ್ಕಳು. ಹುಡುಗ ಟಾರ್ಚನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ತುಟಿ ಕಚ್ಚಿ, ಅಕ್ಕಿಯ ಕೊಂಡಿ ಬಿಚ್ಚಿದ.

ಅದಕ್ಕೇ ನಿಮ್ಮಲ್ಲಿ ಬೇಡುವುದು: ಕೈ ಹಾಕಬೇಡಿ. ನಮ್ಮ ಊರಲ್ಲಿ ನಾವು ಮಕ್ಕಳ ಮೇಲಿನ ಪ್ರೀತಿಗೆ ಅವರ ಕೆಲಸವನ್ನೆಲ್ಲ ನಾವೇ ಮುಗಿಸಿಕೊಡುತ್ತೇವೆ. ವಿಜ್ಞಾನ ಪ್ರದರ್ಶನದ ಮಾದರಿಯನ್ನು ಅಪ್ಪ ಮಾಡುತ್ತಾನೆ, ಮಗ ಹೊತ್ತು ನಿಲ್ಲುತ್ತಾನೆ. ಈ ಹಲಗೆಯೊಂದು ಹಾಗಾಗದಿರಲಿ. ಇದು ಶಾಲೆಗೆ ಹೋಗುವುದಲ್ಲ, ಇದಕ್ಕೆ ಅಂಕವಿಲ್ಲ, ಬಂದ ನೆಂಟರ ಮುಂದೆ ಓಡಿಸಿ ತೋರಿಸು ಎಂದು ಹೇಳುವುದೂ ಬೇಡ. ದೀಪಾವಳಿಗೆ ಸುಣ್ಣ ಬಳಿಯುವಾಗ ಬಿಚ್ಚಿಹಾಕಬೇಡಿ. ಮೇಲೊಂದು ಹಳೆಯ ಧೋತರ ಹೊದಿಸಿ ಹೊರಗಿಡಿ. ಅಗಲ ಒಂದೇ ಫೂಟು, ಇಬ್ಬರು ಎತ್ತಬಹುದು, ಯಾವ ಬಾಗಿಲಲ್ಲೂ ಹಿಡಿಸುತ್ತದೆ.

ಹೆಣ್ಣುಮಕ್ಕಳಿಗೂ ಕೊಡಿ ಎಂದು ಬೇರೆ ಹೇಳಬೇಕೆ? ಹೇಳಬೇಕು. ರೈಲು ನೋಡಲು ನಮ್ಮ ಮನೆಗೆ ಬರುವ ಮಕ್ಕಳಲ್ಲಿ ಹುಡುಗರೇ ಹೆಚ್ಚು; ಅವರ ಅಕ್ಕಂದಿರು ಬಾಗಿಲ ತನಕ ಬಿಟ್ಟು ನೀರು ಹಿಡಿಯಲು ವಾಪಸು ಹೋಗುತ್ತಾರೆ.

ಖರ್ಚಿನ ಮಾತು. ಒಳ್ಳೆಯ ಎಂಜಿನ್ನು ಹೊರದೇಶದ್ದು, ಕೈ ಸುಡುತ್ತದೆ. ಆದರೆ ನಕ್ಷೆಗೆ ಎಂಜಿನ್ನು ಬೇಡ. ನಮ್ಮ ಎಂಟು ವ್ಯಾಗನ್ನುಗಳಲ್ಲಿ ಆರು ರಟ್ಟಿನವು, ಮದುವೆ ಕಾರ್ಡಿನ ದಪ್ಪ ಕಾಗದದವು. ಗಾಲಿಗಳನ್ನು ಮಾತ್ರ ಕೊಂಡೆವು. ಮೊದಲ ಮೂರು ತಿಂಗಳು ಕಡ್ಡಿಪೆಟ್ಟಿಗೆಗಳನ್ನೇ ವ್ಯಾಗನ್ ಮಾಡಿಕೊಂಡು ಸೀಮೆಸುಣ್ಣದ ಹಳಿಯ ಮೇಲೆ ಬೆರಳಿಂದ ನೂಕಿದೆವು, ಆಟ ಅದೇ. ಹಳಿಯ ಕೆಳಗಿನ ಜಲ್ಲಿಗೆ ಕ್ರಷರಿನ ದೂಳನ್ನು ರವೆಯ ಜರಡಿಯಲ್ಲಿ ಹಿಡಿಯಿರಿ. ಗದ್ದೆಗೆ ಬಣ್ಣ ಹಾಕಿದ ಮರದ ಹೊಟ್ಟು. ಅಕ್ಕಿ ಚೀಲ ಈ ಅಳತೆಯಲ್ಲಿ ಒಂದು ಸೆಂಟಿಮೀಟರ್ ಬರುತ್ತದೆ. ಕಿಟ್ಟದಲ್ಲಿ ಉರುಟಿ ಒಣಗಿಸಿ ಬಣ್ಣ ಬಳಿದರೆ (ಬಳಿಯಲೇಬೇಕು, ಇಲಿಯ ನೆನಪಿರಲಿ) ಗೋಣಿಯದೇ ನೇಯ್ಗೆ ಕಾಣುತ್ತದೆ. ಯಾಕೆಂದರೆ ಅದು ಗೋಣಿಯೇ. ಭಾನಾಪುರದಲ್ಲಿ ಆಟಿಕೆ ಕ್ಲಸ್ಟರಿಗೆ 2021ರಲ್ಲಿ ಅಡಿಗಲ್ಲು ಬಿದ್ದಿದೆ. ಆಟಿಕೆಯೆಂದರೆ ಕಾರ್ಖಾನೆಯಿಂದ ಬರುವುದೆಂದು ಮಾತ್ರ ನಮ್ಮ ಜಿಲ್ಲೆಯ ಮಕ್ಕಳು ತಿಳಿಯಬಾರದು ಎಂಬುದು ನನ್ನ ಆಸೆ. ಕಿನ್ನಾಳವೂ ಇದೇ ಜಿಲ್ಲೆಯಲ್ಲಿದೆ.

ನಮ್ಮ ಬಿಸಿಲನ್ನು ಲೆಕ್ಕಕ್ಕೆ ಹಿಡಿಯಿರಿ. ಜನವರಿಯಲ್ಲಿ ಹಳಿಗೆ ಹಳಿ ತಾಗಿಸಿ ಕೂಡಿಸಿದ್ದು ಏಪ್ರಿಲ್‌ನಲ್ಲಿ ಬಿಲ್ಲಿನಂತೆ ಬಾಗಿತು. ಎರಡು ಮೀಟರ್ ಹಳಿ ಇಪ್ಪತ್ತೈದು ಡಿಗ್ರಿ ಬಿಸಿಯಾದರೆ ಹತ್ತಿರ ಹತ್ತಿರ ಒಂದು ಮಿ.ಮೀ. ಹಿಗ್ಗುತ್ತದೆ. ಜೋಡಣೆಯಲ್ಲಿ ಪೋಸ್ಟ್‌ಕಾರ್ಡಿನ ದಪ್ಪದಷ್ಟು ಸಂದು ಬಿಡಿ. "ಹಂಗಾದ್ರ ನಮ್ಮೂರ ಹಳ್ಯಾಗ ಸಂದು ಯಾಕಿಲ್ಲ?" ಎಂದು ಮೊಮ್ಮಗಳು ಕೇಳಿದಳು. ಅವನ್ನು ಉದ್ದಕ್ಕೂ ಬೆಸುಗೆ ಹಾಕಿರುತ್ತಾರೆ, ಸ್ಲೀಪರು ಮತ್ತು ಜಲ್ಲಿ ಅವನ್ನು ಹಿಗ್ಗದಂತೆ ಬಿಗಿಹಿಡಿದಿರುತ್ತವೆ ಎಂದು ನಾನು ಓದಿ ತಿಳಿದು ಹೇಳಲು ಒಂದು ವಾರ ಹಿಡಿಯಿತು.

ದೊಡ್ಡವರು ಕೈ ಹಾಕಲೇಬೇಕಾದ ಎರಡು ಜಾಗ ಉಂಟು. ಗೋಡೆಯ ಪ್ಲಗ್ಗಿಗೆ ಅಡಾಪ್ಟರ್ ಸಿಕ್ಕಿಸುವುದು ನೀವು. ಹನ್ನೆರಡು ವೋಲ್ಟಿನ ಈಚೆಗಷ್ಟೇ ಮಕ್ಕಳ ರಾಜ್ಯ. ಇನ್ನೊಂದು, ನಿಜವಾದ ಹಳಿ. ನಮಗೆ ರೈಲು ಹೊಸದು, ಹಳಿಯ ಭಯ ಇನ್ನೂ ನಮ್ಮ ಮಕ್ಕಳ ಮೈಗೆ ಹತ್ತಿಲ್ಲ. ನಾಣ್ಯ ಚಪ್ಪಟೆ ಮಾಡಲು, ಸೆಲ್ಫಿ ತೆಗೆಯಲು, ಶಾಲೆಗೆ ಅಡ್ಡದಾರಿಯೆಂದು ಹಳಿಯ ಮೇಲೆ ನಡೆಯುವವರನ್ನು ನಾನೇ ಕಂಡಿದ್ದೇನೆ. ಅದು ಕಾನೂನಿನಲ್ಲಿ ಅಪರಾಧ. ಅದಕ್ಕಿಂತ ಹೆಚ್ಚಾಗಿ, ಈಗಿನ ರೈಲು ಸದ್ದಿಲ್ಲದೆ ಬೆನ್ನ ಹಿಂದೆ ಬರುತ್ತದೆ. ನೋಡಬೇಕೆಂದರೆ ಪ್ಲಾಟ್‌ಫಾರ್ಮಿಗೆ ನೀವೇ ಕರೆದೊಯ್ಯಿರಿ. ಕೈಯಲ್ಲೊಂದು ನೋಟ್‌ಬುಕ್ಕು ಇರಲಿ: ಎಷ್ಟು ಬೋಗಿ, ಪಾಯಿಂಟು ಎಲ್ಲಿ, ಲೂಪ್ ಲೈನ್ ಎಲ್ಲಿಂದ ಕವಲೊಡೆಯುತ್ತದೆ.

ಒಂದು ದಿನ ಬಿಡುವು ಮಾಡಿಕೊಂಡು ನಮ್ಮದೇ ಲೈನಿನ ರೈಲು ಹತ್ತಿ ಹುಬ್ಬಳ್ಳಿಗೆ ಹೋಗಿ ಬನ್ನಿ. ಅಲ್ಲಿನ ಗದಗ ರಸ್ತೆಯಲ್ಲಿ 2020ರಲ್ಲಿ ತೆರೆದ ರೈಲು ಸಂಗ್ರಹಾಲಯವಿದೆ. ಹಳೆಯ ಎಂಜಿನ್ನುಗಳ ಪಕ್ಕ ನಿಂತರೆ ಮೀಟರ್ ಗೇಜೆಂದರೇನು ಎಂದು ಹೇಳಿ ತಿಳಿಸಬೇಕಾಗಿಲ್ಲ. ಮೈಸೂರಿನದು ಇನ್ನೂ ಹಳೆಯದು, 1979ರದು. ಪುಣೆಯ ಕಡೆ ನೆಂಟರಿದ್ದರೆ ಕೋಥ್ರೂಡಿನಲ್ಲಿ ಜೋಶಿಯವರ ಪುಟಾಣಿ ರೈಲುಗಳ ಸಂಗ್ರಹಾಲಯ ನೋಡಿ. ಭಾವೂ ಜೋಶಿಯವರು ತಮ್ಮ ಹವ್ಯಾಸದಿಂದ ಬೆಳೆಸಿದ ಇಡೀ ಊರು ಅದು, 1998ರಿಂದ ಜನರಿಗೆ ತೆರೆದಿದೆ, ನಮ್ಮ ಹಲಗೆಯದೇ ಅಳತೆ, 1:87. ಆದರೆ ಮಕ್ಕಳು ತಮ್ಮ ನಕ್ಷೆ ಮುಗಿಸಿದ ಮೇಲೆ ಕರೆದೊಯ್ಯಿರಿ. ಮೊದಲೇ ನೋಡಿದರೆ ನಮ್ಮೂರು ಬಿಟ್ಟು ಸ್ವಿಟ್ಜರ್ಲೆಂಡಿನಂಥ ಊರೇ ಬೇಕೆನ್ನುತ್ತಾರೆ. ಸ್ವಿಟ್ಜರ್ಲೆಂಡಿನ ಗಿರಣಿಯಲ್ಲಿ ತೌಡು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಹೇಳಲು ನನಗೂ ಬಾರದು, ನಿಮಗೂ ಬಾರದು.

ಕ್ಯಾಂಪಿನ ಬಂಧುಗಳಿಗೆ ಒಂದು ಮಾತು. ಶ್ರೀರಾಮನಗರದ ಕಡೆಯಿಂದ ಬಂದ ಒಬ್ಬ ಹುಡುಗ ನಮ್ಮ ಹಲಗೆ ನೋಡಿ, ತಾನು ಮಾಡಿದರೆ ಗಿರಣಿ ಇಡುವುದಿಲ್ಲ, ತನ್ನ ಮುತ್ತಜ್ಜ ಸಾಮಾನು ಸಮೇತ ಇಳಿದ ಸ್ಟೇಷನ್ನು ಇಡುತ್ತೇನೆ ಎಂದ. ಯಾವ ಸ್ಟೇಷನ್ನು ಎಂದು ಅವನಿಗೆ ಗೊತ್ತಿರಲಿಲ್ಲ. ಮನೆಯ ಹಿರಿಯರು ನೆನಪು ಮಾಡಿ ಹೇಳಿ. ಅವನ ನಕ್ಷೆ ಅಲ್ಲಿಗೇ ನಿಂತಿದೆ.

ಪ್ರತಿ ಭಾನುವಾರ ಸಂಜೆ ನಾಲ್ಕರ ಮೇಲೆ ನಮ್ಮ ಪಡಸಾಲೆಯ ಬಾಗಿಲು ತೆಗೆದಿರುತ್ತದೆ. ಮಕ್ಕಳನ್ನು ಕರೆದುಕೊಂಡು ಬನ್ನಿ. ಅವರು ಚೀಟಿ ಎತ್ತಲಿ. ನಮಗೆ ಚಹಾ ಒಳಗೆ ಅಡುಗೆಮನೆಯಲ್ಲಿ, ಹಲಗೆ ಕಾಣದ ಕಡೆ ಎಂದು ಮನೆಯಾಕಿ ಕಟ್ಟಪ್ಪಣೆ ಮಾಡಿದ್ದಾಳೆ. 9 ಮಿ.ಮೀ. ಪಾಯಿಂಟು ಯಾರಿಗಾದರೂ ಬೇಕಿದ್ದರೆ ಎರಡಿವೆ, ಹಾಗೇ ಕೊಡುತ್ತೇನೆ.

ಇತಿ ತಮ್ಮ ವಿಶ್ವಾಸಿ,

ಅಕ್ಕಿ ಗಿರಣಿಯ ಒಬ್ಬ ನಿವೃತ್ತ ಗುಮಾಸ್ತ
ಸಿದ್ದಾಪುರ, ಕೊಪ್ಪಳ ಜಿಲ್ಲೆ